ಒಂದು ಇಂಚು ಅಂದರೆ 236 ಲೀಟರ್: ನಮ್ಮೂರ ಶಾಲೆಯ ಮಳೆನೀರಿನ ತೊಟ್ಟಿ ರಿಪೇರಿ

ಪಾವಗಡ ತಾಲ್ಲೂಕಿನ ನಮ್ಮೂರ ಸರ್ಕಾರಿ ಶಾಲೆಯ ಹಿಂದೆ ಒಂದು ತೊಟ್ಟಿ ಇದೆ. 10 ಅಡಿ ಉದ್ದ, 10 ಅಡಿ ಅಗಲ, 6 ಅಡಿ ಎತ್ತರ. ಎರಡೂವರೆ ಅಡಿಯ ಕಲ್ಲುಕಟ್ಟೆಯ ಮೇಲೆ ಕೂತಿದೆ. ತಾರಸಿಯ ಮಳೆನೀರು ಹಿಡಿಯಲಿ ಅಂತ ಹದಿನೈದು ವರ್ಷದ ಹಿಂದೆ ಕಟ್ಟಿದ್ದು. ಎರಡು ಮಳೆಗಾಲ ಕೆಲಸ ಮಾಡಿ ನಿಂತುಹೋಯಿತು. ಆಮೇಲೆ ಅದರ ನೆರಳಲ್ಲಿ ನಾಯಿ ಮಲಗುತ್ತಿತ್ತು, ಮೇಲೆ ಹುಣಸೆಹಣ್ಣು ಒಣಗುತ್ತಿತ್ತು. ಹೋದ ಬೇಸಿಗೆ ರಜೆಯಲ್ಲಿ ನಾವು ಕೆಲವರು ಸೇರಿ ಅದನ್ನು ಮತ್ತೆ ಎಬ್ಬಿಸಿದೆವು. ಏನು ಮಾಡಿದೆವು, ಎಲ್ಲಿ ತಪ್ಪಿದೆವು ಅಂತ ಅಳತೆ ಸಮೇತ ಬರೆದಿಡುತ್ತಿದ್ದೇನೆ. ಇಂಥ ತೊಟ್ಟಿ ನಿಮ್ಮೂರ ಶಾಲೆಯಲ್ಲೂ ಬಿದ್ದಿರಬಹುದು.

ನಾನು ಅದೇ ಶಾಲೆಯಲ್ಲಿ ಓದಿದವನು. ಈಗ ಪೈಪ್ ಫಿಟ್ಟಿಂಗ್, ಮೋಟಾರ್ ರಿಪೇರಿ ನನ್ನ ಕೆಲಸ. ನನ್ನ ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿವೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಯಾಕೆಂದರೆ ಅದು ಕೊಳೆ ಅಲ್ಲ. ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗಲೇ ಕುಡಿಯುವ ನೀರಿನಲ್ಲಿರುವ ಫ್ಲೋರೈಡ್ ಅನ್ನುವ ಅಂಶ ಸೇರಿ ಆದದ್ದು. ನಮ್ಮ ಕಡೆ ಬಹಳ ಜನರ ಹಲ್ಲು ಹೀಗೇ ಇದೆ. ವಯಸ್ಸಾದವರಲ್ಲಿ ಕೆಲವರಿಗೆ ಮಂಡಿ, ಬೆನ್ನು ಬಗ್ಗಿಸಲು ಆಗುವುದಿಲ್ಲ. ಫ್ಲೋರೋಸಿಸ್ ಅನ್ನುವ ಈ ರೋಗವನ್ನು ನಮ್ಮ ದೇಶದಲ್ಲಿ ಮೊದಲು ಗುರುತಿಸಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಇಷ್ಟು ವರ್ಷ ಆದಮೇಲೂ ನಮ್ಮ ಶಾಲೆಯ ಮಗು ನಕ್ಕಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತದೆ. ಅದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಮೊದಲು ನೀರು ನೋಡಿದ್ದು

ಏಪ್ರಿಲ್‌ನಲ್ಲಿ ಶಾಲೆಯ ನಲ್ಲಿ ನೀರು ಪರೀಕ್ಷೆ ಮಾಡಿದೆವು. ನಲ್ಲಿ ಚೆನ್ನಾಗಿಯೇ ಇದೆ. ಆದರೆ ಅದಕ್ಕೆ ಬರುವುದು ಬೋರ್‌ವೆಲ್ ನೀರು. ಫ್ಲೋರೈಡ್ ಕಿಟ್ಟಿನಲ್ಲಿ ಒಂದು ಕೆಂಪು ದ್ರಾವಣ ಇರುತ್ತದೆ. ನೀರಿಗೆ ಹಾಕಿದರೆ ಗುಲಾಬಿ ಬಣ್ಣ ಬರಬೇಕು. ಫ್ಲೋರೈಡ್ ಜಾಸ್ತಿ ಇದ್ದಷ್ಟೂ ಆ ಗುಲಾಬಿ ಹಳದಿಗೆ ತಿರುಗುತ್ತದೆ. ನಮ್ಮದು ಹಳದಿಗೇ ಬಂತು. ಆಮೇಲೆ ಪ್ರಯೋಗಾಲಯಕ್ಕೆ ಕಳಿಸಿದಾಗ ಲೀಟರಿಗೆ 2.6 ಮಿಲಿಗ್ರಾಂ ಅಂತ ಬಂತು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲ ಅಂದರೆ 1.5ರ ತನಕ ಒಪ್ಪಬಹುದು, ಅಷ್ಟೇ.

ಕಾಯಿಸಿ ಕುಡಿದರೆ ಸಾಕಲ್ವಾ ಅಂತ ಊರಲ್ಲಿ ತುಂಬಾ ಜನ ಕೇಳಿದರು. ಸಾಲದು. ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಇನ್ನೂ ಗಟ್ಟಿಯಾಗುತ್ತದೆ. ಕ್ಯಾಂಡಲ್ ಫಿಲ್ಟರ್‌ಗೂ ಅದು ಸಿಗುವುದಿಲ್ಲ. ಆರ್‌ಒ ಯಂತ್ರ ತೆಗೆಯುತ್ತದೆ, ನಿಜ. ಆದರೆ ಕರೆಂಟ್ ಬೇಕು, ಮೆಂಬ್ರೇನ್ ಬದಲಿಸಬೇಕು, ಅರ್ಧದಷ್ಟು ನೀರು ಚರಂಡಿಗೆ ಹೋಗುತ್ತದೆ. ಸಾವಿರ ಅಡಿ ಕೊರೆದು ತೆಗೆದ ನೀರನ್ನು ಹಾಗೆ ಚೆಲ್ಲಲು ನನಗೆ ಮನಸ್ಸು ಬರಲಿಲ್ಲ. ಅಲ್ಯೂಮಿನಾ ಫಿಲ್ಟರ್ ಕೂಡ ಇದೆ. ಅದನ್ನು ಆಗಾಗ ಕಾಸ್ಟಿಕ್ ಸೋಡಾ, ಆಸಿಡ್ ಹಾಕಿ ತೊಳೆಯಬೇಕು. ಮಕ್ಕಳು ಓಡಾಡುವ ಜಾಗದಲ್ಲಿ ಅದು ಬೇಡ ಅನ್ನಿಸಿತು.

ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೇ ಇಲ್ಲ ಅನ್ನಬಹುದು, ಅಷ್ಟು ಕಡಿಮೆ. ನಮ್ಮ ನೀರಿನ ದೋಷ ಇರುವುದು ನೆಲದೊಳಗಿನ ಬಂಡೆಯಲ್ಲಿ. ತಾರಸಿ ಮೇಲೆ ಬಿದ್ದ ನೀರು ಆ ಬಂಡೆಯನ್ನು ಮುಟ್ಟುವುದೇ ಇಲ್ಲ.

ಲೆಕ್ಕ

ತಾರಸಿ 14 ಮೀಟರ್ ಉದ್ದ, 7 ಮೀಟರ್ ಅಗಲ. ಅಂದರೆ 98 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮ ಕಡೆ ವರ್ಷಕ್ಕೆ 550 ಮಿಲಿಮೀಟರ್ ಅಂತ ಹಿಡಿದೆ. ಚೆಲ್ಲಿದ್ದು, ಆವಿಯಾದದ್ದು ಕಳೆದು ನೂರಕ್ಕೆ 80ರಷ್ಟು ಸಿಕ್ಕರೂ 43 ಸಾವಿರ ಲೀಟರ್ ಆಗುತ್ತದೆ.

ಬೇಕಾದದ್ದು ಎಷ್ಟು? 62 ಮಕ್ಕಳು, ಮೂವರು ಶಿಕ್ಷಕರು. ತಲೆಗೆ ಒಂದೂವರೆ ಲೀಟರ್ ಅಂದರೆ ದಿನಕ್ಕೆ ಸುಮಾರು 100 ಲೀಟರ್. ಬಿಸಿಯೂಟಕ್ಕೆ, ಹಾಲು ಕದಡುವುದಕ್ಕೆ ಇನ್ನೊಂದು 50.

ಮಳೆಗಾಲದಲ್ಲಿ ತೊಂದರೆ ಇಲ್ಲ, ಖಾಲಿಯಾದಷ್ಟೂ ತುಂಬುತ್ತಿರುತ್ತದೆ. ಕಷ್ಟ ಇರುವುದು ನವೆಂಬರ್ ನಡುವಿನಿಂದ ಏಪ್ರಿಲ್ 10ರ ತನಕ. ರಜೆ ಕಳೆದು ಸುಮಾರು 110 ದಿನ ಶಾಲೆ ನಡೆಯುತ್ತದೆ. ದಿನಕ್ಕೆ 150ರಂತೆ 16,500 ಲೀಟರ್ ಬೇಕು. ತೊಟ್ಟಿಯಲ್ಲಿ ನಲ್ಲಿಯ ಮಟ್ಟದಿಂದ ಓವರ್‌ಫ್ಲೋ ಪೈಪಿನ ತನಕ ಹಿಡಿಯುವುದು 14,600 ಲೀಟರ್. ಎರಡು ಸಾವಿರದಷ್ಟು ಕಮ್ಮಿ ಬಿತ್ತು. ಅದಕ್ಕೆ ಪಕ್ಕದಲ್ಲಿ 2,000 ಲೀಟರಿನ ಕಪ್ಪು ಸಿಂಟೆಕ್ಸ್ ಇಟ್ಟು, ತೊಟ್ಟಿಯ ಓವರ್‌ಫ್ಲೋವನ್ನು ಅದಕ್ಕೆ ತಿರುಗಿಸೋಣ ಅಂತ ತೀರ್ಮಾನ ಆಯಿತು. ಆ ಟ್ಯಾಂಕ್ ಅಡುಗೆಮನೆಗೆ.

ತೊಟ್ಟಿ ಯಾಕೆ ಸತ್ತಿತ್ತು

ರಿಪೇರಿಗೆ ಮುಂಚೆ ಇದು ಗೊತ್ತಾಗಬೇಕಿತ್ತು. ಇಲ್ಲದಿದ್ದರೆ ನಾವೂ ಅದನ್ನೇ ಮತ್ತೆ ಕಟ್ಟುತ್ತಿದ್ದೆವು. ನಾನು ಅರ್ಧ ದಿನ ಸುಮ್ನೆ ಸುತ್ತಲೂ ನೋಡುತ್ತಾ ಕೂತೆ.

ತೊಟ್ಟಿಯ ತಲೆಯ ಮೇಲೆ ಫಿಲ್ಟರ್ ಪೆಟ್ಟಿಗೆ ಇತ್ತು. ಕೆಳಗೆ ಜಲ್ಲಿ, ಮೇಲೆ ಇದ್ದಿಲು, ಅದರ ಮೇಲೆ ಮರಳು. ಪುಸ್ತಕದಲ್ಲಿ ಇರುವ ಹಾಗೇ ಇತ್ತು. ಅದರ ಮುಚ್ಚಳ ಮಾತ್ರ ಕಾಂಕ್ರೀಟ್ ಹಲಗೆ. ನಾಲ್ಕು ಜನ ಗಡಾರಿ ಹಾಕಿ ಎತ್ತಿದೆವು. ಒಳಗೆ ಮರಳು ಕೆಸರಿನ ಇಟ್ಟಿಗೆಯಾಗಿತ್ತು. ಕೈಯಲ್ಲಿ ಮುರಿದರೆ ಪದರ ಪದರವಾಗಿ ಬಿಡುತ್ತಿತ್ತು. ಒಂದೊಂದು ಪದರ ಒಂದೊಂದು ಮಳೆ ಇರಬೇಕು. ಇಬ್ಬರು ಮೇಡಂ, ಒಬ್ಬ ಮೇಷ್ಟ್ರು ಇರುವ ಶಾಲೆಯಲ್ಲಿ ನಾಲ್ಕು ಗಂಡಾಳು ಬೇಕಾಗುವ ಮುಚ್ಚಳವನ್ನು ಯಾರು ತಾನೇ ತೆಗೆಯುತ್ತಾರೆ? ಫಿಲ್ಟರ್ ಕಟ್ಟಿತು. ನೀರು ಹೊರಗೆ ಚೆಲ್ಲಿತು. ತೊಟ್ಟಿ ತುಂಬಲಿಲ್ಲ. ಕಥೆ ಅಲ್ಲಿಗೆ ಮುಗಿಯಿತು.

ಮೊದಲ ಮಳೆಯ ಕೊಳೆನೀರನ್ನು ಬೇರೆ ಮಾಡಲು ಒಂದು ಪೈಪ್ ತುಂಡು ಇತ್ತು. 4 ಇಂಚು ದಪ್ಪ, 5 ಅಡಿ ಉದ್ದ. ಅದರಲ್ಲಿ ಹಿಡಿಯುವುದು 12 ಲೀಟರ್. 98 ಚದರ ಮೀಟರ್ ತಾರಸಿಗೆ 12 ಲೀಟರ್ ಯಾವ ಮೂಲೆಗೂ ಸಾಲದು. ಇರುವ ಒಂದೇ ನಲ್ಲಿಯೂ ದೊಡ್ಡವರ ಸೊಂಟದ ಎತ್ತರದಲ್ಲಿತ್ತು. ಒಂದನೇ ಕ್ಲಾಸಿನ ಮಗುವಿಗೆ ಎಟುಕುತ್ತಲೇ ಇರಲಿಲ್ಲ.

ಒಳಗಿಳಿದದ್ದು

ಮುಚ್ಚಿದ ತೊಟ್ಟಿಗೆ ಯಾರೂ ತಟ್ಟನೆ ಇಳಿಯಬೇಡಿ. ಒಳಗೆ ಕೆಟ್ಟ ಗಾಳಿ ಇದ್ದರೆ ಕೂಗುವುದಕ್ಕೂ ಸಮಯ ಸಿಗುವುದಿಲ್ಲ. ನಾವು ಎರಡು ದಿನ ಬಾಯಿ ತೆರೆದಿಟ್ಟೆವು, ಟೇಬಲ್ ಫ್ಯಾನ್ ಇಟ್ಟು ಗಾಳಿ ಹಾಯಿಸಿದೆವು. ಇಳಿಯುವವನ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ನಿಂತರು.

ಹೂಳು, ಸತ್ತ ಹಲ್ಲಿ, ಬಾಲ್‌ಗಳು, ಒಂದು ಸ್ಲೇಟು. ಎರಡು ದಿನ ಬಾಚಿ ತೆಗೆದೆವು. ಆಮೇಲೆ ಸೋರಿಕೆ ನೋಡಲು ಬೋರ್‌ವೆಲ್ ನೀರು 2 ಅಡಿ ತುಂಬಿಸಿ, ಗೋಡೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆವು. ಬೆಳಿಗ್ಗೆ ನೋಡಿದರೆ 5 ಇಂಚು ಇಳಿದಿತ್ತು. ಹೊರಗೆ ಈಶಾನ್ಯ ಮೂಲೆಯಲ್ಲಿ ಒದ್ದೆ ಕಲೆ. ಒಳಗಿನಿಂದ ಮುಟ್ಟಿದರೆ ಉಗುರು ಹೋಗುವಷ್ಟು ಸೀಳು, ಮೇಲಿನಿಂದ ಕೆಳಗಿನ ತನಕ.

ಈ ಕೆಲಸ ನಮ್ಮ ಮೇಸ್ತ್ರಿಯದ್ದು. ಸೀಳಿನ ಮೇಲೆ ಬರೀ ಗಾರೆ ಬಳಿದರೆ ಒಂದು ಬೇಸಿಗೆಗೆ ಬಿಡುತ್ತದೆ ಅಂದರು. ಉಳಿ ಹಿಡಿದು ಸೀಳನ್ನು ಇನ್ನೂ ಅಗಲ ಮಾಡಿದರು. ಒಳಗಿನ ಪುಡಿಯನ್ನೆಲ್ಲ ಬ್ರಷ್‌ನಲ್ಲಿ ತೆಗೆದು, ಸಿಮೆಂಟ್ ಹಾಲು ಹೊಡೆದು, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆಯಲ್ಲಿ ವಾಟರ್‌ಪ್ರೂಫ್ ಪುಡಿ ಬೆರೆಸಿ ಒತ್ತಿ ತುಂಬಿದರು. ಅದರ ಮೇಲೆ ಒಂದಡಿ ಅಗಲದ ಕೋಳಿಬಲೆ ಹಾಸಿ ಮೊಳೆ ಹೊಡೆದು, ಮತ್ತೆ ಗಾರೆ. ನಾಲ್ಕೂ ಮೂಲೆಗಳನ್ನು ಬಾಟಲಿಯ ಬೆನ್ನಿನಿಂದ ತೀಡಿ ದುಂಡಗೆ ಮಾಡಿದರು. ಚೂಪಾದ ಮೂಲೆ ಸೀಳುವುದು ಬೇಗ, ತೊಳೆಯುವುದೂ ಕಷ್ಟ. ದುಂಡಗಿನ ಮೂಲೆಯಲ್ಲಿ ಪೊರಕೆ ಸಲೀಸಾಗಿ ಓಡುತ್ತದೆ.

ಹತ್ತು ದಿನ ಗೋಣಿಚೀಲ ತೋಯಿಸಿ ಕ್ಯೂರಿಂಗ್ ಮಾಡಿದೆವು. ನಡುವೆ ಕೃತ್ತಿಕೆ ಮಳೆ ಒಂದು ಹದ ಬಂತು. ತಾರಸಿ ಕೆಲಸ ಇನ್ನೂ ಆಗಿರಲಿಲ್ಲ. ಒಳ್ಳೆಯ ನೀರು ಹರಿದುಹೋಗುವುದನ್ನು ನೋಡುತ್ತಾ ನಿಂತೆವು. ಆಮೇಲೆ ತೊಟ್ಟಿ ತುಂಬಿಸಿ ಎರಡು ದಿನ ಗೆರೆ ನೋಡಿದೆವು. ಕದಲಲಿಲ್ಲ. ಹೊಸ ಸಿಮೆಂಟಿನ ಸುಣ್ಣದಂಶ ನೀರಿಗೆ ಇಳಿಯುತ್ತದೆ, ಅದಕ್ಕೆ ಆ ನೀರನ್ನು ಶೌಚಾಲಯಕ್ಕೂ ಗಿಡಗಳಿಗೂ ಬಿಟ್ಟು, ಇನ್ನೊಂದು ಸಲ ತುಂಬಿಸಿ ಖಾಲಿ ಮಾಡಿದೆವು.

ತಾರಸಿ, ಬುಟ್ಟಿ, ಡ್ರಮ್

ತಾರಸಿ ಮೇಲೆ ಬಕೆಟ್ ನೀರು ಚೆಲ್ಲಿ ಎಲ್ಲೆಲ್ಲಿ ನಿಲ್ಲುತ್ತದೆ ಅಂತ ನೋಡಿದೆವು. ನಿಂತಲ್ಲೆಲ್ಲ ಸೀಮೆಸುಣ್ಣದ ಸುತ್ತು. ಆರು ಸುತ್ತು ಬಂದವು. ಅಲ್ಲಿಗೆ ತೆಳ್ಳಗೆ ಗಾರೆ ಹಾಕಿ ನೀರು ಹಿಂದಿನ ಎರಡು ಕಂಡಿಗಳ ಕಡೆ ಹರಿಯುವಂತೆ ಮಾಡಿದೆವು. ಮೇಲೆ ಚಾಚಿದ್ದ ಹೊಂಗೆ ಕೊಂಬೆಗಳನ್ನು ಸವರಿದೆವು. ಮರ ಉಳಿಯಿತು, ಮಕ್ಕಳಿಗೆ ನೆರಳು ಬೇಕಲ್ಲ. ಎರಡು ಕಂಡಿಗೂ 4 ಇಂಚಿನ ಪೈಪ್ ಇಳಿಸಿ ಒಂದೇ ಸಾಲಿಗೆ ಸೇರಿಸಿದೆ.

ಮರಳಿನ ಫಿಲ್ಟರನ್ನು ಪೂರ್ತಿ ತೆಗೆದುಹಾಕಿದೆವು. ಮರಳು ಇರಬೇಕು ಅಂತ ಕೆಲವರು ವಾದ ಮಾಡಿದರು. ನನ್ನ ಅಭಿಪ್ರಾಯ ಬೇರೆ. ತೊಳೆಯದ ಮರಳಿಗಿಂತ ತೊಳೆಯುವ ಬಟ್ಟೆ ಮೇಲು. ಸ್ಟೀಲ್ ಜಾಲರಿಯಲ್ಲಿ ಒಂದು ಬುಟ್ಟಿ ಮಾಡಿಸಿದೆ, ಒಳಗೆ ಎರಡು ಪದರ ನೈಲಾನ್ ಬಟ್ಟೆ. ಖಾಲಿ ಬುಟ್ಟಿ ಎರಡು ಕೆಜಿಯೂ ಇಲ್ಲ. ಮೇಲೆ ತಗಡಿನ ಮುಚ್ಚಳ, ಹತ್ತಿ ನಿಲ್ಲಲು ಮೆಟ್ಟಿಲು. ಆರನೇ ಕ್ಲಾಸಿನ ಮಗು ಮೆಟ್ಟಿಲ ಮೇಲೆ ನಿಂತು ಬುಟ್ಟಿ ಎತ್ತಿ, ಕೊಡವಿ, ತೊಳೆದು ಮತ್ತೆ ಇಡಬಹುದು. ಬುಟ್ಟಿ ದಾಟಿ ಬಂದ ಸಣ್ಣ ಮಣ್ಣು ತೊಟ್ಟಿಯ ತಳದಲ್ಲಿ ಕೂರುತ್ತದೆ. ನಲ್ಲಿಯ ಪೈಪ್ ತಳದಿಂದ 4 ಇಂಚು ಮೇಲಿದೆ, ಹಾಗಾಗಿ ಅದು ಕುಡಿಯುವ ನೀರಿಗೆ ಬರುವುದಿಲ್ಲ.

ಈಗ ಮೊದಲ ಮಳೆಯ ಕೊಳೆನೀರು. ಇದರಲ್ಲಿ ನಾನು ಎರಡು ಸಲ ತಪ್ಪಿದೆ.

ತಾರಸಿಯ ಧೂಳು, ಹಕ್ಕಿ ಹಿಕ್ಕೆ ಎಲ್ಲ ಮೊದಲ ಒಂದೆರಡು ಮಿಲಿಮೀಟರ್ ಮಳೆಯಲ್ಲಿ ತೊಳೆದು ಬರುತ್ತದೆ. ನಮ್ಮ ತಾರಸಿಗೆ ಅದು 100ರಿಂದ 200 ಲೀಟರ್. ಹಾಗಾಗಿ 200 ಲೀಟರಿನ ನೀಲಿ ಡ್ರಮ್ ತಂದು ನೆಲದ ಮೇಲೆ ಇಟ್ಟೆ. ತಾರಸಿಯಿಂದ ಬರುವ ಪೈಪಿಗೆ ತೊಟ್ಟಿಯ ಎತ್ತರದಲ್ಲಿ ಒಂದು ಟೀ, ಅಂದರೆ ಮೂರು ಬಾಯಿಯ ಪೈಪ್ ಜೋಡಣೆ. ನೇರ ಕೆಳಗೆ ಹೋದರೆ ಡ್ರಮ್, ಅಡ್ಡ ಹೋದರೆ ಬುಟ್ಟಿ. ಮೊದಲು ಡ್ರಮ್ ತುಂಬುತ್ತದೆ, ಆಮೇಲೆ ಪೈಪ್ ತುಂಬುತ್ತದೆ, ಆಮೇಲೆ ನೀರು ತಾನಾಗಿ ತೊಟ್ಟಿಯ ದಾರಿ ಹಿಡಿಯುತ್ತದೆ.

ಮೊದಲ ತಪ್ಪು: ನಾನು ತಂದದ್ದು ಅಗಲ ಬಾಯಿಯ ಡ್ರಮ್, ರಿಂಗ್ ಹಾಕಿ ಬಿಗಿಯುವಂಥದ್ದು. ಮೇಲಿಂದ ನೀರು ಬಿಟ್ಟು ನೋಡುವಾಗ ಡ್ರಮ್ ತುಂಬಿತು, ಪೈಪ್ ತುಂಬುತ್ತಾ ಬಂತು. ಇದ್ದಕ್ಕಿದ್ದಂತೆ ಮುಚ್ಚಳ ಎದ್ದು ನೀರು ನಾಲ್ಕೂ ಕಡೆ ಚಿಮ್ಮಿತು. ಮುಚ್ಚಳದ ಮೇಲೆ ಆರು ಅಡಿ ನೀರಿನ ಒತ್ತಡ ಬೀಳುತ್ತದೆ. ಇಪ್ಪತ್ತು ವರ್ಷ ಪೈಪ್ ಕೆಲಸ ಮಾಡಿದ ನಾನು ಅದನ್ನು ಮೊದಲೇ ಯೋಚಿಸಬೇಕಿತ್ತು. ಮೇಲೆ ಎರಡು ಸಣ್ಣ ತಿರುಪು ಬಾಯಿ ಮಾತ್ರ ಇರುವ, ಅಡುಗೆ ಎಣ್ಣೆ ತುಂಬಿ ಬಂದಿದ್ದ ಡ್ರಮ್ ಹುಡುಕಿ ತಂದೆ. ಅದು ಸ್ವಲ್ಪ ಉಬ್ಬುತ್ತದೆ, ಆದರೆ ಸೋರುವುದಿಲ್ಲ. ರಾಸಾಯನಿಕ ತುಂಬಿದ್ದ ಡ್ರಮ್ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ.

ಎರಡನೇ ತಪ್ಪು ಗೊತ್ತಾಗಿದ್ದು ಮಳೆ ಶುರುವಾದ ಮೇಲೆ.

ಕಪ್ಪಾದ ಬಾಟಲಿ

ಶಾಲೆ ತೆರೆದು, ಮೃಗಶಿರಾ ಮಳೆಯಲ್ಲಿ ತೊಟ್ಟಿಗೆ 2 ಅಡಿ ನೀರು ಬಂತು. ಎಲ್ಲರಿಗೂ ಖುಷಿ. ಆದರೆ ಪರೀಕ್ಷೆ ಮಾಡದೆ ಒಂದು ಲೋಟವೂ ಕುಡಿಸುವುದು ಬೇಡ ಅಂತ ಹೆಡ್ ಮೇಡಂ ಗಟ್ಟಿಯಾಗಿ ಹೇಳಿದರು. ಅವರು ಹೇಳಿದ್ದೇ ಸರಿ.

ಕ್ರಿಮಿ ಪರೀಕ್ಷೆಗೆ ಒಂದು ಸುಲಭ ಬಾಟಲಿ ಸಿಗುತ್ತದೆ. 1982ರಲ್ಲಿ ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯದ ವಿಜ್ಞಾನಿಗಳು ರೂಪಿಸಿದ ವಿಧಾನ ಅದು. ಗೆರೆಯ ತನಕ ನೀರು ತುಂಬಿ, ಮುಚ್ಚಿ, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಬೇಕು. ಮಲದ ಸೋಂಕು ಇರುವ ನೀರಾದರೆ ಕಪ್ಪಾಗುತ್ತದೆ. ನಾವು ಆಫೀಸ್ ರೂಮಿನ ಬೀರುವಿನ ಮೇಲೆ ಇಟ್ಟೆವು. ಮರುದಿನ ಮಧ್ಯಾಹ್ನ ನೋಡಿದರೆ ಇದ್ದಿಲು ಕದಡಿದ ಹಾಗೆ ಕಪ್ಪು. ಬಾಗಿಲಲ್ಲಿ ನಿಂತು ಇಣುಕುತ್ತಿದ್ದ ಮಕ್ಕಳು ಒಬ್ಬರೂ ಮಾತಾಡಲಿಲ್ಲ.

ನಾನು ಡ್ರಮ್ ಹತ್ತಿರ ಹೋದೆ. ಕೊಳೆನೀರು ತಾನಾಗಿಯೇ ಖಾಲಿಯಾಗಲಿ ಅಂತ ಅದರ ತಳದ ಹತ್ತಿರ 3 ಮಿಲಿಮೀಟರ್ ತೂತು ಹಾಕಿದ್ದೆ. ಮೊದಲ ಮಳೆಗೆ ಡ್ರಮ್ ತುಂಬಿ ಒಳ್ಳೆಯ ಕೆಲಸ ಮಾಡಿತ್ತು. ಆದರೆ ಆ ತೂತಿಗೆ ಕಡಲೆಕಾಯಿ ಹೊಟ್ಟು ಸಿಕ್ಕಿಕೊಂಡು ಮುಚ್ಚಿಹೋಗಿತ್ತು. ನಮ್ಮ ಕಡೆ ಕಾಯಿ ಬಿಡಿಸುವ ಯಂತ್ರ ಓಡಿದರೆ ಊರ ತಾರಸಿಗಳೆಲ್ಲ ಹೊಟ್ಟಿನಿಂದ ತುಂಬುತ್ತವೆ. ಡ್ರಮ್ ತುಂಬಿಯೇ ನಿಂತಿದ್ದರಿಂದ ಎರಡನೇ ಮಳೆಯ ಕೊಳೆಯೆಲ್ಲ ನೇರವಾಗಿ ತೊಟ್ಟಿಗೆ ಹೋಗಿತ್ತು.

ತೂತು ದೊಡ್ಡದು ಮಾಡಿದರೆ ಮಳೆ ಬರುವಾಗಲೇ ನೀರು ಪೋಲು. ಸಣ್ಣದಿದ್ದರೆ ಕಟ್ಟುತ್ತದೆ. ಹಾಗಾಗಿ ತಾನಾಗಿ ಖಾಲಿಯಾಗುವ ಆಸೆಯನ್ನೇ ಬಿಟ್ಟೆ. ಒಂದೂವರೆ ಇಂಚಿನ ಬಾಲ್ ವಾಲ್ವ್ ಹಾಕಿದೆ. ಮಳೆ ನಿಂತ ಮೇಲೆ ಯಾರಾದರೂ ಅದನ್ನು ತೆರೆಯಬೇಕು, ಖಾಲಿಯಾದ ಮೇಲೆ ಮುಚ್ಚಬೇಕು. ಶಾಲಾ ಮಂತ್ರಿಮಂಡಲದಲ್ಲಿ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ನೀರಾವರಿ ಮಂತ್ರಿ. ಆ ಕೆಲಸ ಅವಳಿಗೆ ಹೋಯಿತು. ಅವಳ ಮನೆ ಶಾಲೆಯ ಪಕ್ಕದಲ್ಲೇ. ರಾತ್ರಿ ಮಳೆ ಬಂದರೆ ಬೆಳಿಗ್ಗೆ ಹಾಲು ಹಾಕಿಸಿಕೊಂಡು ಬರುವಾಗ ವಾಲ್ವ್ ತೆರೆದು ಹೋಗುತ್ತಾಳೆ. ಡ್ರಮ್ಮಿನಿಂದ ಬರುವ ನೀರು ಮೊದಲು ಟೀ ಬಣ್ಣ ಇರುತ್ತದೆ. ಅದನ್ನು ತೋರಿಸಿ ಅವಳು ಒಂದನೇ ಕ್ಲಾಸಿನವರಿಗೆ ಹೇಳಿದ್ದನ್ನು ಕೇಳಿದೆ: "ನೋಡ್ರೋ, ಇದು ನಮ್ ಹೊಟ್ಟೆಗೆ ಹೋಗ್ತಿತ್ತು."

ತೊಟ್ಟಿ ಖಾಲಿ ಮಾಡಿ, ಬ್ಲೀಚಿಂಗ್ ನೀರಿನಲ್ಲಿ ಗೋಡೆ ಉಜ್ಜಿ ತೊಳೆದೆವು. ಆರಿದ್ರಾ ಮಳೆಗೆ ಮತ್ತೆ ತುಂಬಲು ಶುರುವಾಯಿತು. ಈ ಸಲ ಬ್ಲೀಚಿಂಗ್ ಹಾಕುವ ಮುಂಚಿನ ನೀರನ್ನೇ ಬಾಟಲಿಗೆ ತುಂಬಿದೆವು. ಎರಡು ದಿನ ಆದರೂ ಬಣ್ಣ ಬದಲಾಗಲಿಲ್ಲ. ಮೂರನೇ ದಿನವೂ ಮೇಡಂ ಬೀರುವಿನ ಮೇಲಿಂದ ತೆಗೆದು ಬೆಳಕಿಗೆ ಹಿಡಿದು ನೋಡಿದರು.

ಕೆಮ್ಮಿನ ಔಷಧಿಯ ಮುಚ್ಚಳ

ಬಾಟಲಿ ಚೆನ್ನಾಗಿ ಬಂತು ಅಂತ ಕ್ಲೋರಿನ್ ಬಿಡುವ ಹಾಗಿಲ್ಲ. ವಾರಕ್ಕೊಮ್ಮೆ ಹಾಕುತ್ತೇವೆ. ಎಷ್ಟು ಹಾಕಬೇಕು ಅನ್ನುವುದು ಲೆಕ್ಕ ಬಾರದವರಿಗೂ ತಿಳಿಯಬೇಕಿತ್ತು. ನಮ್ಮ ತೊಟ್ಟಿಯಲ್ಲಿ ಒಂದು ಅಡಿ ನೀರು ಅಂದರೆ 2,830 ಲೀಟರ್. ಬ್ಲೀಚಿಂಗ್ ಪೌಡರಿನಲ್ಲಿ ನೂರಕ್ಕೆ 25ರಷ್ಟು ಕ್ಲೋರಿನ್ ಇದೆ ಅಂತ ಹಿಡಿದರೆ ಸಾವಿರ ಲೀಟರಿಗೆ 4 ಗ್ರಾಂ. ಅಂದರೆ ಅಡಿಗೆ 11 ಗ್ರಾಂ. ಕೆಮ್ಮಿನ ಔಷಧಿಯ ಬಾಟಲಿಗೆ ಅಳತೆಯ ಮುಚ್ಚಳ ಬರುತ್ತದಲ್ಲ, ಅದರ 15 ಮಿಲಿ ಗೆರೆಗೆ ಹತ್ತು ಸಲ ಪೌಡರ್ ತುಂಬಿ ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿದೆವು. 110 ಗ್ರಾಂ ಬಂತು. ಹಾಗಾಗಿ ತೊಟ್ಟಿಯ ಗೋಡೆ ಮೇಲೆ ದೊಡ್ಡದಾಗಿ ಬರೆಸಿದೆವು: "1 ಅಡಿ ನೀರಿಗೆ 1 ಮುಚ್ಚಳ." ನಿಮ್ಮ ಪೌಡರ್, ನಿಮ್ಮ ಮುಚ್ಚಳ ಬೇರೆ ಇರುತ್ತದೆ, ನೀವೇ ತೂಗಿ ನೋಡಿ.

ಪೌಡರನ್ನು ನೇರ ತೊಟ್ಟಿಗೆ ಹಾಕುವುದಿಲ್ಲ. ಬಕೆಟ್‌ನಲ್ಲಿ ಕದಡಿ, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನು ಮಾತ್ರ ಸುರಿಯುತ್ತೇವೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಹಾಕಿದರೆ ಸೋಮವಾರದ ಹೊತ್ತಿಗೆ ವಾಸನೆ ಇರುವುದಿಲ್ಲ. ಸೋಮವಾರ ನಲ್ಲಿಯಲ್ಲಿ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂ ಉಳಿದಿದೆಯಾ ಅಂತ ಆಶಾ ಕಾರ್ಯಕರ್ತೆಯ ಕಿಟ್ಟಿನಲ್ಲಿ ನೋಡುತ್ತೇವೆ. ಪೌಡರ್ ಡಬ್ಬಿಯ ಬಾಯಿ ಗಾಳಿಯಾಡದಂತೆ ಬಿಗಿಯಾಗಿರಬೇಕು. ಹಳತಾದರೆ ಶಕ್ತಿ ಹೋಗುತ್ತದೆ.

ಊರಿನವರ ಮಾತು

"ಮಳೆ ನೀರು ಕುಡಿದ್ರೆ ಮಕ್ಳಿಗೆ ನೆಗಡಿ ಆಗ್ತದೆ" ಅಂತ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಮೂರ್ನಾಲ್ಕು ಜನ ಹೇಳಿದರು. ನಾನು ಫ್ಲೋರೈಡ್ ಅಂತ ಎಷ್ಟು ಹೇಳಿದರೂ ನಾಟಲಿಲ್ಲ. ಕೊನೆಗೆ ಒಬ್ಬ ಅಜ್ಜಿ ಎದ್ದು ನಿಂತರು. ಅರ್ಧ ಕನ್ನಡ, ಅರ್ಧ ತೆಲುಗು, ನಮ್ಮ ಕಡೆ ಹಾಗೇ. "ನಮ್ಮವ್ವ ಸ್ವಾತಿ ಮಳೆ ನೀರು ಗಡಿಗೇಲಿ ಹಿಡಿದಿಡ್ತಿದ್ಲು ಕಣಪ್ಪಾ. ವರ್ಷ ಆದ್ರೂ ಹುಳ ಬೀಳ್ತಿರಲಿಲ್ಲ. ನಾವು ಅದನ್ನ ಕುಡಿದೇ ಬೆಳೆದಿದ್ದು" ಅಂದರು. ಅವರ ಹಲ್ಲು ನೋಡಿದೆ. ಉಳಿದಿದ್ದ ಐದಾರು ಹಲ್ಲಿನಲ್ಲಿ ಒಂದು ಕಲೆಯೂ ಇಲ್ಲ. ಅವರು ಮಗುವಾಗಿದ್ದಾಗ ಊರಲ್ಲಿ ಬೋರ್‌ವೆಲ್ ಇರಲಿಲ್ಲ, ಬಾವಿ ಮತ್ತು ಕೆರೆ ಇದ್ದವು.

ಇನ್ನೊಂದು ಬೆಂಬಲ ನಾನು ನೆನೆಸಿಯೇ ಇರದ ಕಡೆಯಿಂದ ಬಂತು. ಬಿಸಿಯೂಟದ ಅಕ್ಕ ತೊಗರಿಬೇಳೆ ತೋರಿಸಿದರು. ಬೋರ್‌ವೆಲ್ ನೀರಿನಲ್ಲಿ ಎಷ್ಟು ಬೇಯಿಸಿದರೂ ಬೇಳೆ ಕಾಳಿನ ಹಾಗೆ ಉಳಿಯುತ್ತಿತ್ತಂತೆ. ಮಳೆನೀರಿನಲ್ಲಿ ಸೌಟು ಆಡಿಸಿದರೆ ಕರಗಿ ಬೆಣ್ಣೆ. ಗಡಸು ನೀರಿನಲ್ಲಿ ಬೇಳೆ ಬೇಯುವುದಿಲ್ಲ ಅನ್ನುವುದು ಹಳೆಯ ಮಾತೇ, ಆದರೆ ಪಾತ್ರೆಯಲ್ಲಿ ಕಂಡಾಗ ಬೇರೆ. ಗ್ಯಾಸ್ ಕೂಡ ಕಮ್ಮಿ ಸಾಕು ಅಂದರು. ಅವತ್ತಿನಿಂದ ಸಿಂಟೆಕ್ಸ್ ಟ್ಯಾಂಕಿನ ಕಾವಲು ಅವರದೇ.

ಉತ್ತರೆ ಮಳೆ ಚೆನ್ನಾಗಿ ಹೊಡೆಯಿತು. ತೊಟ್ಟಿ ತುಂಬಿ, ಸಿಂಟೆಕ್ಸ್ ತುಂಬಿ, ಉಳಿದದ್ದು ಕೈತೋಟದ ಗುಂಡಿಗೆ ಹರಿಯಿತು. ಆ ದಿನಗಳಲ್ಲಿ ಪ್ರತಿ ಮಗುವೂ ಮನೆಗೆ ಒಂದು ಬಾಟಲಿ ತುಂಬಿಕೊಂಡು ಹೋಗಬಹುದು ಅಂತ ಮೇಡಂ ಹೇಳಿದರು. ಮನೆಯಲ್ಲಿ ಅವರು ಕುಡಿಯುವುದು ಅದೇ ಬೋರ್‌ವೆಲ್ ನೀರು. ಶಾಲೆಯ ತೊಟ್ಟಿ ದಿನದ ಆರೇಳು ಗಂಟೆಯನ್ನು ಮಾತ್ರ ಕಾಯುತ್ತದೆ. ಇದು ನನ್ನ ಮನಸ್ಸಿನಲ್ಲಿ ಯಾವಾಗಲೂ ಇದೆ.

ನಾಲ್ಕು ಇಂಚು ಹೋದ ವಾರ

ತೊಟ್ಟಿಯ ಹೊರಗೆ ಪಾರದರ್ಶಕ ಪೈಪ್ ಹಾಕಿ ಪಕ್ಕದಲ್ಲಿ ಇಂಚಿನ ಪಟ್ಟಿ ಬರೆದಿದ್ದೇವೆ. ಬೆಳಕಿಗೆ ಪಾಚಿ ಕಟ್ಟದಿರಲಿ ಅಂತ ಅದಕ್ಕೆ ಕಪ್ಪು ಬಟ್ಟೆಯ ಚೀಲ. ಒಂದು ಇಂಚು ಇಳಿದರೆ 236 ಲೀಟರ್. ಪ್ರತಿ ಸೋಮವಾರ ಮಂತ್ರಿ ಅಳತೆ ಬರೆಯುತ್ತಾಳೆ. ಚಳಿಗಾಲದಲ್ಲಿ ಮಕ್ಕಳು ಕಮ್ಮಿ ಕುಡಿಯುತ್ತಾರೆ, ವಾರಕ್ಕೆ ಎರಡು ಇಂಚು ಹೋಗುತ್ತಿತ್ತು. ಡಿಸೆಂಬರಿನ ಒಂದು ಸೋಮವಾರ ಫೋನ್ ಬಂತು. "ಅಣ್ಣಾ, ಈ ವಾರ ನಾಲ್ಕ್ ಇಂಚು ಹೋಗೈತೆ."

ಹೋಗಿ ನೋಡಿದೆ. ಎರಡಡಿ ಎತ್ತರದ ಕಟ್ಟೆಯಲ್ಲಿ ಆರು ನಲ್ಲಿ ಹಾಕಿದ್ದೆವು. ಮೂರನೆಯದು ಸಣ್ಣಗೆ ತೊಟ್ಟಿಕ್ಕುತ್ತಿತ್ತು. ಕೆಳಗೆ ಲೋಟ ಇಟ್ಟು ಗಡಿಯಾರ ನೋಡಿದೆವು. 200 ಮಿಲಿ ಲೋಟ ಐದು ನಿಮಿಷಕ್ಕೆ ತುಂಬಿತು. ಗಂಟೆಗೆ 2.4 ಲೀಟರ್, ದಿನಕ್ಕೆ 57. ಮಕ್ಕಳು ಕುಡಿಯುವ ನೀರಿನ ಅರ್ಧಕ್ಕಿಂತ ಜಾಸ್ತಿ ಒಂದು ವಾಷರಿನಿಂದ ಹೋಗುತ್ತಿತ್ತು. ಮೂರು ರೂಪಾಯಿಯ ವಾಷರ್ ಬದಲಿಸಿದೆ. ಹತ್ತು ವಾಷರ್, ಒಂದು ಸ್ಪ್ಯಾನರ್ ಶಾಲೆಯಲ್ಲೇ ಇಟ್ಟು, ಹೇಗೆ ಬದಲಿಸಬೇಕು ಅಂತ ಏಳನೇ ಕ್ಲಾಸಿನವರಿಂದಲೇ ಮಾಡಿಸಿದೆ. ಸಂಜೆ ಶಾಲೆ ಬಿಟ್ಟಾಗ ಮುಖ್ಯ ವಾಲ್ವ್ ಮುಚ್ಚುವುದೂ ಅವತ್ತಿನಿಂದ ಶುರುವಾಯಿತು.

ಖರ್ಚು ಕೇಳುವವರಿಗೆ: ಸಿಂಟೆಕ್ಸ್ 14 ಸಾವಿರ, ಪೈಪು ಮತ್ತು ಫಿಟ್ಟಿಂಗ್ 9 ಸಾವಿರ, ಮೇಸ್ತ್ರಿ ಮತ್ತು ಕೂಲಿ 9 ಸಾವಿರ, ಸಿಮೆಂಟು, ಮರಳು ಇತ್ಯಾದಿ ಆರೂವರೆ ಸಾವಿರ. ನಲ್ಲಿ, ಡ್ರಮ್, ಬುಟ್ಟಿ, ಪರೀಕ್ಷೆ ಎಲ್ಲ ಸೇರಿ ಒಟ್ಟು 44 ಸಾವಿರದ ಹತ್ತಿರ. ಹಳೆಯ ವಿದ್ಯಾರ್ಥಿಗಳು ಕೂಡಿಸಿದ ಹಣ. ನನ್ನ ಕೂಲಿ ಇದರಲ್ಲಿಲ್ಲ, ಮೇಸ್ತ್ರಿಯೂ ಅರ್ಧವೇ ತೆಗೆದುಕೊಂಡರು.

ಏಪ್ರಿಲ್ 10, ಶಾಲೆಯ ಕೊನೆಯ ದಿನ, ಅಳತೆ ನೋಡಲು ನಾನೂ ಹೋಗಿದ್ದೆ. ಮಂತ್ರಿ ಚೀಲ ಸರಿಸಿ, ಮಂಡಿಯೂರಿ ಕೂತು ನೋಡಿದಳು. ನಲ್ಲಿಯ ಮಟ್ಟಕ್ಕಿಂತ ಒಂದು ಇಂಚು ಮೇಲೆ. ಎರಡು ದಿನದ ನೀರು ಉಳಿದಿತ್ತು.

ಮುಂದಿನ ಕೆಲಸ ಪಕ್ಕದ ಅಂಗನವಾಡಿಯ ತಾರಸಿ. 5 ಮೀಟರ್ ಉದ್ದ, 6 ಮೀಟರ್ ಅಗಲ, ವರ್ಷಕ್ಕೆ 13 ಸಾವಿರ ಲೀಟರ್ ಸಿಗುತ್ತದೆ. ಕಾಯಂ ಹಲ್ಲುಗಳು ಒಳಗೆ ರೂಪುಗೊಳ್ಳುವುದು ಎಂಟು ವರ್ಷದೊಳಗೆ, ಹಾಗಾಗಿ ಆ ಮಕ್ಕಳಿಗೆ ಈ ನೀರು ಇನ್ನೂ ಮುಖ್ಯ. ನಿನ್ನೆ ಬಕೆಟ್ ನೀರು ಚೆಲ್ಲಿ ನೋಡಿ ಬಂದೆ. ಸೀಮೆಸುಣ್ಣದ ಸುತ್ತು ಮೂರು ಬಂದಿವೆ. ರೋಹಿಣಿ ಮಳೆಗೆ ಮುಂಚೆ ಗಾರೆ ಆಗಬೇಕು.